ಮುಂಬಯಿಯಲ್ಲಿ ಹಬ್ಬ ಯಾವತ್ತು? ಭಾನುವಾರ ನೋಡಿ ಹೇಳಬೇಕು

ತುಳುನಾಡಿನ ಆಟಿ ಅಮಾವಾಸ್ಯೆ, ಅಂದರೆ ಆಷಾಢದ ಅಮಾವಾಸ್ಯೆ, 2026ರಲ್ಲಿ ಆಗಸ್ಟ್ 12ಕ್ಕೆ, ಬುಧವಾರ. ಊರಿನಲ್ಲಾದರೆ ಅವತ್ತು ಬೆಳಕು ಹರಿಯುವ ಮೊದಲೇ ಮನೆಯ ಗಂಡಸರಲ್ಲಿ ಒಬ್ಬರು ಹಾಳೆ ಮರದ ಹತ್ತಿರ ಹೋಗಿ, ಕತ್ತಿ ತಾಗಿಸದೆ ಕಲ್ಲಿನಲ್ಲೇ ಜಜ್ಜಿ ತೊಗಟೆ ತರುತ್ತಾರೆ. ಅದರ ರಸಕ್ಕೆ ಕರಿಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಅದಕ್ಕೆ ಹಾಕಿ, ಮನೆಮಂದಿಯೆಲ್ಲ ಖಾಲಿ ಹೊಟ್ಟೆಗೆ ಕುಡಿಯುತ್ತಾರೆ. ಆಮೇಲೆ ತಂಪಿಗೆ ಮೆಂತೆ ಗಂಜಿ. ಮುಂಬಯಿಯಲ್ಲಿ ಬುಧವಾರ ಬೆಳಗ್ಗೆ ಅಂದರೆ ಡಬ್ಬಿ ಕಟ್ಟಿಕೊಂಡು ಲೋಕಲ್ ಹಿಡಿಯುವ ಹೊತ್ತು. ಹಾಗಾಗಿ ಇಲ್ಲಿನ ಆಟಿ ಭಾನುವಾರಕ್ಕೆ ಹೋಗುತ್ತದೆ. ಜುಲೈ ಕೊನೆಯಿಂದ ಆಗಸ್ಟ್ ನಡುವಿನ ತನಕ ಭಾನುವಾರ ಬಂದರೆ ಸಾಕು, ಕುರ್ಲಾ, ಸಾಂತಾಕ್ರೂಜ್, ಥಾಣೆ, ಡೊಂಬಿವಲಿ, ಮೀರಾರೋಡ್, ವಸಾಯಿ, ಒಂದಲ್ಲ ಒಂದು ಕಡೆ ಯಾವುದಾದರೂ ಸಂಘದ 'ಆಟಿಡೊಂಜಿ ದಿನ' (ಆಟಿಯಲ್ಲೊಂದು ದಿನ) ಇದ್ದೇ ಇರುತ್ತದೆ.

ಬಿಸು (ತುಳುವರ ಹೊಸ ವರ್ಷ), ನಾಗರ ಪಂಚಮಿ, ಬಸವ ಜಯಂತಿ, ಕನಕ ಜಯಂತಿ, ಕನ್ನಡ ರಾಜ್ಯೋತ್ಸವ, ಎಲ್ಲಕ್ಕೂ ಇಲ್ಲಿ ಹೆಚ್ಚುಕಡಿಮೆ ಇದೇ ಪಾಡು. ಈ ಬಗ್ಗೆ ನಮ್ಮವರಲ್ಲಿ ಎರಡು ಮಾತು ಕೇಳುತ್ತೇವೆ. ಹಬ್ಬವನ್ನು ತಿಥಿ ಬಿಟ್ಟು ಮಾಡಿದರೆ ಅದು ಹಬ್ಬವೇ ಅಲ್ಲ ಅನ್ನುವವರು ಒಂದು ಕಡೆ. ಭಾನುವಾರವಾದರೂ ಮಾಡುತ್ತಿದ್ದೇವಲ್ಲ, ಅಷ್ಟೇ ಸಾಕು ಅನ್ನುವವರು ಇನ್ನೊಂದು ಕಡೆ. ನನಗೆ ಎರಡೂ ಪೂರ್ತಿ ಒಪ್ಪಿಗೆಯಿಲ್ಲ. ದಿನ ಸರಿದದ್ದರಿಂದ ಹಬ್ಬ ಉಳಿದಿದೆ, ಇದನ್ನು ಒಪ್ಪಲೇಬೇಕು. ಆದರೆ ದಿನದ ಜೊತೆ ಇನ್ನೂ ಎರಡು ಸಂಗತಿ ಸರಿದಿವೆ. ಹಬ್ಬ ಮನೆಯಿಂದ ಹಾಲ್‌ಗೆ ಹೋಯಿತು. ಮಾಡುತ್ತಿದ್ದವರು ಕುರ್ಚಿಯಲ್ಲಿ ಕೂತು ನೋಡುವವರಾದರು. ನಾವು ಯೋಚನೆ ಮಾಡಬೇಕಾದದ್ದು ಈ ಎರಡರ ಬಗ್ಗೆ.

ಮೊದಲು ರಜೆಯ ಲೆಕ್ಕ ನೋಡೋಣ, ಯಾಕಂದರೆ ಎಲ್ಲ ಶುರುವಾಗುವುದು ಅಲ್ಲಿಂದ. ರಾಜ್ಯ ಸರ್ಕಾರ ಪ್ರತಿ ವರ್ಷ ಸಾರ್ವಜನಿಕ ರಜೆಗಳ ಪಟ್ಟಿ ಹೊರಡಿಸುತ್ತದೆ. ಅದಕ್ಕೆ ಆಧಾರ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ. ಹುಂಡಿ, ಚೆಕ್ಕುಗಳ ವ್ಯವಹಾರಕ್ಕೆ ಬ್ರಿಟಿಷರು ಮಾಡಿದ ಆ ಕಾಯ್ದೆಯ ಒಂದು ಕಲಮು ಇವತ್ತಿಗೂ ನಮ್ಮ ಹಬ್ಬಕ್ಕೆ ಬಿಡುವು ಇದೆಯೋ ಇಲ್ಲವೋ ಎಂದು ಗೊತ್ತು ಮಾಡುತ್ತಿದೆ. ಮಹಾರಾಷ್ಟ್ರದ ಪಟ್ಟಿಯಲ್ಲಿ ಗುಢಿ ಪಾಡವಾ ಇದೆ, ಶಿವಾಜಿ ಜಯಂತಿ ಇದೆ, ಮೇ 1ರ ಮಹಾರಾಷ್ಟ್ರ ದಿನ ಇದೆ, ಗಣೇಶ ಚತುರ್ಥಿ, ದಸರಾ, ಲಕ್ಷ್ಮೀಪೂಜೆ, ಬಲಿಪಾಡ್ಯ ಇವೆ, ಪಾರ್ಸಿಗಳ ಹೊಸ ವರ್ಷವೂ ಇದೆ. ಕರ್ನಾಟಕದಲ್ಲಿ ರಜೆ ಇರುವ ಮಕರ ಸಂಕ್ರಾಂತಿ, ಬಸವ ಜಯಂತಿ, ಆಯುಧಪೂಜೆ, ನರಕ ಚತುರ್ದಶಿ, ರಾಜ್ಯೋತ್ಸವ, ಕನಕ ಜಯಂತಿ ಇಲ್ಲಿಯ ಪಟ್ಟಿಯಲ್ಲಿಲ್ಲ. ಇದರಲ್ಲಿ ದ್ವೇಷ ಹುಡುಕಬೇಕಾಗಿಲ್ಲ, ಪ್ರತಿ ರಾಜ್ಯವೂ ತನ್ನ ಜನರ ದೊಡ್ಡ ಹಬ್ಬಗಳನ್ನು ಆರಿಸಿಕೊಳ್ಳುತ್ತದೆ. ಒಂದೊಂದು ಸಲ ನಮಗೆ ಅನುಕೂಲವೂ ಆಗುತ್ತದೆ. ಯುಗಾದಿ, ಗುಢಿ ಪಾಡವಾ ಎರಡೂ ಒಂದೇ ದಿನ, ಯಾಕಂದರೆ ಎರಡು ರಾಜ್ಯದವರೂ ಪಾಡ್ಯದಿಂದ ಅಮಾವಾಸ್ಯೆವರೆಗೆ ತಿಂಗಳು ಎಣಿಸುವ ಶಾಲಿವಾಹನ ಶಕೆಯವರು. ತುಳುವರ ಬಿಸು ಏಪ್ರಿಲ್ 14ಕ್ಕೆ ಬಂದ ವರ್ಷ ಅಂಬೇಡ್ಕರ್ ಜಯಂತಿಯ ರಜೆ ಇರುತ್ತದೆ, ಆ ಒಂದು ಬೆಳಗ್ಗೆ ಕಣಿ (ಎದ್ದ ಕೂಡಲೇ ನೋಡುವ ಶುಭವಸ್ತುಗಳು) ಇಡಲಿಕ್ಕೆ ಮನೆಯಲ್ಲಿ ಎಲ್ಲರೂ ಸಿಗುತ್ತಾರೆ. ಬಿಸು 15ಕ್ಕೆ ಹೋಯಿತು ಅಂದರೆ ಮುಗಿಯಿತು.

ಖಾಸಗಿ ಕಂಪನಿಯಲ್ಲಿ, ಅಂಗಡಿಯಲ್ಲಿ, ಹೋಟೆಲಿನಲ್ಲಿ ಕೆಲಸ ಮಾಡುವವರಿಗೆ ಈ ಪಟ್ಟಿ ಹಾಗೇ ಅನ್ವಯವಾಗುವುದಿಲ್ಲ. ಅವರಿಗೆ 2017ರ ಮಹಾರಾಷ್ಟ್ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಇದೆ. ಇಪ್ಪತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ (2025ರ ತಿದ್ದುಪಡಿಗೆ ಮೊದಲು ಹತ್ತು ಅಥವಾ ಹೆಚ್ಚು) ವರ್ಷಕ್ಕೆ 8 ದಿನ ಸಂಬಳಸಹಿತ ಹಬ್ಬದ ರಜೆ ಕೊಡಲೇಬೇಕು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಖಾಯಂ. ಉಳಿದ 4 ದಿನ ಯಾವುವು ಎನ್ನುವುದನ್ನು ಮಾಲೀಕರು ಮತ್ತು ಕೆಲಸಗಾರರು ಮಾತಾಡಿ ಒಪ್ಪಿಕೊಳ್ಳಬೇಕು. ಈ ಸಾಲನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದಾರೆ? ಮುಂಬಯಿಯಲ್ಲಿ ಕನ್ನಡಿಗರದೇ, ತುಳುವರದೇ ಎಷ್ಟೊಂದು ಹೋಟೆಲುಗಳಿವೆ, ಕಚೇರಿಗಳಿವೆ. ಮಾಲೀಕರೂ ನಮ್ಮವರು, ಕೆಲಸದವರಲ್ಲೂ ನಮ್ಮವರು ಇದ್ದಾರೆ. ಆ ನಾಲ್ಕರಲ್ಲಿ ಒಂದು ದಿನವನ್ನು ರಾಜ್ಯೋತ್ಸವಕ್ಕೋ ನಾಗರ ಪಂಚಮಿಗೋ ಇಟ್ಟುಕೊಳ್ಳಲು ಕಾನೂನಿನ ಅಡ್ಡಿಯೇನೂ ಇಲ್ಲ. ವೇದಿಕೆ ಮೇಲೆ ಸಂಸ್ಕೃತಿ ಉಳಿಸಿ ಎಂದು ಮಾತಾಡುವ ಉದ್ಯಮಿಗಳು ಈ ಒಂದು ಕೆಲಸ ಮಾಡಿದರೆ ಹತ್ತು ಭಾಷಣಕ್ಕಿಂತ ಜಾಸ್ತಿ ಉಪಯೋಗ.

ಇನ್ನು ತಿಥಿಯ ವಿಷಯ. ತಿಥಿ ಬಿಟ್ಟರೆ ಏನು ಹೋಗುತ್ತದೆ ಅಂತ ಕೇಳುವವರಿಗೆ ಆ ಆಷಾಢದ ಅಮಾವಾಸ್ಯೆಯನ್ನೇ ತೋರಿಸುತ್ತೇನೆ. ತುಳುನಾಡಿನವರು ಹಾಳೆ ಕಷಾಯ ಕುಡಿಯುವ ಅದೇ ದಿನ ಘಟ್ಟದ ಮೇಲೆ ಭೀಮನ ಅಮಾವಾಸ್ಯೆ, ಹೆಣ್ಣುಮಕ್ಕಳು ದೀಪದ ಕಂಬವಿಟ್ಟು ಪೂಜೆ ಮಾಡಿ ದಾರ ಕಟ್ಟಿಕೊಳ್ಳುತ್ತಾರೆ. ಅದೇ ದಿನ ಪಕ್ಕದ ಮರಾಠಿ ಮನೆಯಲ್ಲಿ ದೀಪ ಅಮಾವಾಸ್ಯೆ, ಮನೆಯ ದೀಪಗಳನ್ನೆಲ್ಲ ತಿಕ್ಕಿ ತೊಳೆದು ಸಾಲಾಗಿ ಹಚ್ಚಿಡುತ್ತಾರೆ. ಮರುದಿನದಿಂದ ಶ್ರಾವಣ ಎಂದು ಮಾಂಸ, ಮದ್ಯ ಬಿಡುವವರು ಅವತ್ತು 'ಗಟಾರಿ' ಎಂದು ಮನಸಾರೆ ಊಟ ಮಾಡುತ್ತಾರೆ. ಇಷ್ಟೂ ಒಂದೇ ಕಟ್ಟಡದ ಬೇರೆ ಬೇರೆ ಮಾಳಿಗೆಯಲ್ಲಿ ಒಂದೇ ಸಂಜೆ ನಡೆಯಬಹುದು. ಮಳೆಗಾಲದ ಕತ್ತಲು ಗಟ್ಟಿಯಾಗುವ ಹೊತ್ತಿನಲ್ಲಿ ಮೂರು ಕಡೆಯ ಜನ ಮೂರು ರೀತಿಯಲ್ಲಿ ದೇಹವನ್ನೂ ಮನೆಯನ್ನೂ ಕಾಪಾಡಿಕೊಳ್ಳಲು ನೋಡಿದ್ದಾರೆ. ಆ ಬುಧವಾರ ಸಂಜೆ ಪಕ್ಕದ ಮನೆಯ ಮಗು, ನಮ್ಮ ಮನೆಯ ಮಗು ಎರಡೂ ದೀಪ ಹಚ್ಚಿದವು ಅಂತಿಟ್ಟುಕೊಳ್ಳಿ, ಯಾರೂ ಪಾಠ ಮಾಡದೆ ಅವಕ್ಕೆ ಇದೆಲ್ಲ ಗೊತ್ತಾಗುತ್ತದೆ. ಮೂರು ದಿನ ಕಳೆದು ಭಾನುವಾರ ಹಾಲ್‌ನಲ್ಲಿ ನಾವು ನಾವೇ ಸೇರಿದಾಗ ಈ ನೆರೆಯ ಜೋಡಿ ತಪ್ಪಿಹೋಗುತ್ತದೆ.

ಗೌರಿಯದೂ ಹಾಗೇ. ಮೈಸೂರು ಕಡೆಯವರಿಗೆ ಗೌರಿ ಬರುವುದು ಭಾದ್ರಪದ ತದಿಗೆಗೆ, ಗಣೇಶನ ಹಿಂದಿನ ದಿನ. ಮರಾಠಿಗರಿಗೆ ಆ ದಿನ ಹರ್ತಾಲಿಕಾ, ಅವರ ಗೌರಿ ಬರುವುದು ಗಣಪತಿ ಕೂತ ಮೇಲೆ. ಅನುರಾಧಾ ನಕ್ಷತ್ರದಲ್ಲಿ ಬಂದು, ಜ್ಯೇಷ್ಠಾದಲ್ಲಿ ಪೂಜೆ ಪಡೆದು, ಮೂಲಾದಲ್ಲಿ ಹೊರಡುತ್ತಾಳೆ. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲೂ ಈ ಜ್ಯೇಷ್ಠಾ ಗೌರಿಯೇ. ಮರಾಠಿ ಸೊಸೆ ಬಂದ ಕನ್ನಡ ಮನೆಗಳು ಮುಂಬಯಿಯಲ್ಲಿ ಈಗ ಕಡಿಮೆಯೇನಿಲ್ಲ, ಅಲ್ಲಿ ಗೌರಿ ಎರಡು ಸಲ ಬಂದರೆ ಯಾರಿಗೂ ನಷ್ಟವಿಲ್ಲ.

ಇಲ್ಲಿಯ ಕನ್ನಡಿಗರೆಲ್ಲ ಒಂದೇ ಪಂಚಾಂಗದವರಲ್ಲ ಎನ್ನುವುದನ್ನೂ ಮರೆಯಬಾರದು. 1956ರ ನವೆಂಬರ್ 1ರ ತನಕ ಬೆಳಗಾವಿ, ವಿಜಯಪುರ, ಧಾರವಾಡ, ಉತ್ತರ ಕನ್ನಡ ಮುಂಬಯಿ ರಾಜ್ಯದೊಳಗೇ ಇದ್ದವು. ಆ ಜಿಲ್ಲೆಗಳವರು ಇಲ್ಲಿಗೆ ಬಂದದ್ದು ಪರರಾಜ್ಯಕ್ಕಲ್ಲ, ತಮ್ಮದೇ ರಾಜಧಾನಿಗೆ. ಮಂಗಳೂರು, ಉಡುಪಿ ಕಡೆಯವರು ಮದ್ರಾಸ್ ರಾಜ್ಯದಿಂದ ಬಂದರು, ಹಳೇ ಮೈಸೂರಿನವರು ಮಹಾರಾಜರ ಸಂಸ್ಥಾನದಿಂದ. ಕರಾವಳಿಯ ತುಳುವರಿಗೆ ಸೌರಮಾನದ ತಿಂಗಳು, ಘಟ್ಟದ ಮೇಲಿನವರಿಗೆ ಚಾಂದ್ರಮಾನ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘ, ಕುರ್ಲಾದ ಬಂಟರ ಸಂಘ, ಸಾಂತಾಕ್ರೂಜ್‌ನ ಬಿಲ್ಲವರ ಭವನ, ಹೀಗೆ ಬೇರೆ ಬೇರೆ ಕೇಂದ್ರಗಳು ಬೆಳೆದದ್ದಕ್ಕೆ ಜಾತಿ, ಊರು, ಭಾಷೆ ಎಲ್ಲ ಕಾರಣ. ಇವರೆಲ್ಲರಿಗೂ ಹೊಂದುವ ಒಂದೇ ದಿನ ಹುಡುಕಿದರೆ ಸಿಗುವುದು ಭಾನುವಾರವೇ, ಅಲ್ವಾ? ಭಾನುವಾರ ಬೇಡ ಅನ್ನುವವರು ಈ ಇತಿಹಾಸವನ್ನೂ ನೋಡಬೇಕು.

ದಿನ ಸರಿದರೂ, ಜಾಗ ಬದಲಾದರೂ ಇನ್ನಷ್ಟು ಚೆನ್ನಾಗಿ ಬೆಳೆದ ಆಚರಣೆಗಳು ನಮ್ಮಲ್ಲಿವೆ. ತುಳುವರ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24-25ರ ಹೊತ್ತಿಗೆ, ಕರಾವಳಿಯಲ್ಲಿ ಪತ್ತನಾಜೆ. ಅವತ್ತಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ ನೇಮಗಳೂ ನಿಲ್ಲುತ್ತವೆ. ಮತ್ತೆ ತಿರುಗಾಟ ಶುರುವಾಗುವುದು ದೀಪಾವಳಿ ಕಳೆದ ಮೇಲೆ. ಆ ಮಳೆಗಾಲದಲ್ಲಿ ಕಲಾವಿದರಿಗೆ ಊರಿನಲ್ಲಿ ಆಟ (ಯಕ್ಷಗಾನ ಪ್ರದರ್ಶನ) ಇಲ್ಲ. ಮುಂಬಯಿಯಲ್ಲಿ ನೋಡುವವರಿದ್ದಾರೆ, ಖರ್ಚು ವಹಿಸುವ ಹೋಟೆಲಿನವರಿದ್ದಾರೆ, ಮಳೆ ತಾಗದ ಹಾಲ್‌ಗಳಿವೆ. ಹೀಗೆ ಊರಿನ ಪಂಚಾಂಗದಲ್ಲಿ ಬಿಡುವಿದ್ದ ತಿಂಗಳುಗಳೇ ಇಲ್ಲಿ ಆಟದ ತಿಂಗಳುಗಳಾದವು. ಕಲಾವಿದನ ಮನೆಗೆ ಮಳೆಗಾಲದ ಸಂಪಾದನೆ, ನಮಗೆ ಒಳ್ಳೆಯ ಭಾಗವತಿಕೆ. ಕೂತು ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆಯಂತೂ ಹಾಲ್‌ಗೆ ಹೇಳಿ ಮಾಡಿಸಿದ ಹಾಗಿದೆ, ವೇಷ ಬೇಡ, ದೊಡ್ಡ ರಂಗಸ್ಥಳ ಬೇಡ.

ಶನಿಪೂಜೆಯೂ ಅಷ್ಟೇ. ಮುಂಬಯಿಯ ತುಳು ಕನ್ನಡಿಗರಲ್ಲಿ ಶನಿ ಗ್ರಂಥ ಪಾರಾಯಣ ಎಷ್ಟು ಬೇರು ಬಿಟ್ಟಿದೆ ಎಂದರೆ, ಊರಿನಿಂದ ಬಂದವರು ನೋಡಿ ಅಚ್ಚರಿಪಡುತ್ತಾರೆ. ಶನಿವಾರ ರಾತ್ರಿ ಒಬ್ಬರು ಗ್ರಂಥ ಓದುತ್ತಾರೆ, ಇನ್ನೊಬ್ಬರು ತಾಳಮದ್ದಳೆಯ ಧಾಟಿಯಲ್ಲಿ ಅರ್ಥ ಹೇಳುತ್ತಾರೆ. ವಿಕ್ರಮರಾಜನ ಕಷ್ಟದ ಕಥೆ ನಡುರಾತ್ರಿಯವರೆಗೆ ನಡೆಯುತ್ತದೆ. ಹಗಲೆಲ್ಲ ಕ್ಯಾಂಟೀನಿನಲ್ಲಿ ಪ್ಲೇಟ್ ಎತ್ತಿದ ಹುಡುಗರು ರಾತ್ರಿ ಅರ್ಥಧಾರಿಗಳಾದದ್ದು, ರಾತ್ರಿಶಾಲೆಯಲ್ಲಿ ಕಲಿತ ಕನ್ನಡವನ್ನು ಜೋರಾಗಿ ಓದಿ ನಾಲ್ಕು ಜನರ ಮುಂದೆ ನಿಂತದ್ದು ಇಂಥ ಪೂಜೆಗಳಲ್ಲೇ. ಇಲ್ಲಿ ನೋಡುಗ, ಮಾಡುಗ ಎಂಬ ಗೋಡೆ ಇರಲಿಲ್ಲ. ಅದಕ್ಕೇ ಅದು ಉಳಿಯಿತು ಅಂತ ನನ್ನ ಗಟ್ಟಿ ನಂಬಿಕೆ.

ಇದರ ಪಕ್ಕದಲ್ಲಿ ಆಟಿಡೊಂಜಿ ದಿನವನ್ನು ಇಟ್ಟು ನೋಡಿ. ಊರಿನಲ್ಲಿ ಆಟಿ ಅಂದರೆ ಇಲ್ಲದ ತಿಂಗಳು. ಬಿಡದ ಮಳೆ, ಕೆಲಸವಿಲ್ಲ, ಕಣಜದ ಅಕ್ಕಿ ತಳ ಸೇರಿದೆ, ಮುಂದಿನ ಬೆಳೆ ಇನ್ನೂ ಗದ್ದೆಯಲ್ಲಿದೆ. ತಜಂಕ್ ಸೊಪ್ಪು, ಕೆಸುವಿನ ಎಲೆ, ಕಣಿಲೆ (ಎಳೆ ಬಿದಿರು), ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಹಲಸಿನ ಬೀಜ ಇವನ್ನೆಲ್ಲ ನಮ್ಮ ಅಜ್ಜಿಯಂದಿರು ತಿಂದದ್ದು ರುಚಿಗಿಂತ ಹೆಚ್ಚಾಗಿ ಹಸಿವಿಗೆ. ರೋಗ ರುಜಿನ ಓಡಿಸಲು ಆಟಿ ಕಳಂಜ ಮನೆಮನೆಗೆ ಬರುತ್ತಿದ್ದ, ನಲಿಕೆ ಸಮುದಾಯದವರು ಆ ವೇಷ ಕಟ್ಟುತ್ತಿದ್ದರು, ಅಕ್ಕಿ, ತೆಂಗಿನಕಾಯಿ, ಅರಸಿನ ತೆಗೆದುಕೊಂಡು ಮನೆಗೆ ಒಳ್ಳೆಯದಾಗಲಿ ಎಂದು ಹರಸುತ್ತಿದ್ದರು. ಇವತ್ತು ಹಾಲ್‌ನಲ್ಲಿ ಈ ತಿಂಡಿಗಳೆಲ್ಲ ಬಫೆಯಲ್ಲಿ ಸಾಲಾಗಿ ಇರುತ್ತವೆ, ಕಳಂಜನ ವೇಷವನ್ನು ಯುವ ವಿಭಾಗದ ಹುಡುಗ ಹಾಕಿ ವೇದಿಕೆ ಸುತ್ತುತ್ತಾನೆ. ಹೊಟ್ಟೆ ತುಂಬಿದ ಕಾಲ ಬಂದಿದೆ, ಅದು ಸಂತೋಷದ ವಿಷಯವೇ. ಆದರೆ ಹಸಿವಿನ ಮಾತನ್ನು, ನಲಿಕೆಯವರ ಹೆಸರನ್ನು ಅಲ್ಲಿ ಯಾರೂ ಎತ್ತದಿದ್ದರೆ ಮಕ್ಕಳಿಗೆ ಸಿಗುವುದು ಕೆಸುವಿನ ಎಲೆಯ ಪತ್ರೊಡೆಯ ರುಚಿ ಮಾತ್ರ. ಹತ್ತು ನಿಮಿಷ ಒಬ್ಬ ಹಿರಿಯರು ತಮ್ಮ ಮನೆಯ ಆಟಿ ಹೇಗಿತ್ತು ಎಂದು ಹೇಳಲಿ. ಆ ಹತ್ತು ನಿಮಿಷ ಎಲ್ಲಿಂದ ತರುವುದು ಎಂದು ಕಾರ್ಯದರ್ಶಿಗಳು ಕೇಳಬಹುದು. ಸನ್ಮಾನದಿಂದ ತರಬಹುದು. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಪ್ರತಿಯೊಬ್ಬರ ಜೊತೆ ಫೋಟೊ, ಇದರಲ್ಲೇ ಕಾರ್ಯಕ್ರಮದ ಅರ್ಧ ಹೊತ್ತು ಹೋಗುತ್ತದೆ, ಮಕ್ಕಳ ನೃತ್ಯಕ್ಕೆ ಬರುವಾಗ ಹಿಂದಿನ ಸಾಲು ಲೋಕಲ್ ಹಿಡಿಯಲು ಎದ್ದಿರುತ್ತದೆ.

ಕಷಾಯದ ಬಗ್ಗೆ ಒಂದು ಎಚ್ಚರಿಕೆ. ಹಾಳೆ ಮರ ಮುಂಬಯಿ, ಪುಣೆಯ ರಸ್ತೆ ಬದಿಯಲ್ಲೂ ಬೇಕಾದಷ್ಟಿದೆ, ಮರಾಠಿಗರು ಸಪ್ತಪರ್ಣಿ ಅನ್ನುತ್ತಾರೆ. ಗುರುತು ಸರಿಯಾಗಿ ಗೊತ್ತಿಲ್ಲದವರು ಸುಮ್ನೆ ಯಾವುದೋ ಮರದ ತೊಗಟೆ ಕೆತ್ತಿ ಕುಡಿಯಬೇಡಿ, ಕಾಸರಕದಂಥ ವಿಷದ ಮರದ ತೊಗಟೆ ಕುಡಿದರೆ ಜೀವಕ್ಕೇ ಅಪಾಯ. ಬುಧವಾರ ಬೆಳಗ್ಗೆ ಮೆಂತೆ ಗಂಜಿ ಒಂದನ್ನೇ ಮಾಡಿ ಮಕ್ಕಳಿಗೆ ಕಥೆ ಹೇಳಿದರೂ ಆಟಿ ಆಯಿತು.

ಮರಾಠಿ ನೆಲದಿಂದ ನಾವು ತೆಗೆದುಕೊಂಡದ್ದೂ ಬಹಳವಿದೆ. ಸಂಕ್ರಾಂತಿಯಿಂದ ರಥಸಪ್ತಮಿವರೆಗೆ ನಮ್ಮ ಸಂಘಗಳ ಮಹಿಳಾ ವಿಭಾಗಗಳು ಮಾಡುವ ಅರಸಿನ ಕುಂಕುಮ ಇಲ್ಲಿಯ ಹಳದಿ ಕುಂಕೂ ನೋಡಿ ಬಂದದ್ದು. ಅದರಿಂದ ಆದ ಲಾಭ ಸಣ್ಣದಲ್ಲ. ಮನೆಯಿಂದ ಹೊರಗೆ ಬರಲು ಹೆಂಗಸರಿಗೆ ಒಂದು ಕಾರಣ ಸಿಕ್ಕಿತು, ಮೈಕ್ ಹಿಡಿದು ಮಾತಾಡಿದರು, ಹಣಕಾಸು ನೋಡಿಕೊಂಡರು. ಆದರೆ ಗಂಡ ತೀರಿಕೊಂಡವರನ್ನು ಹೊರಗಿಡುವ ಪದ್ಧತಿಯೂ ಅದರ ಜೊತೆಗೇ ಬಂದಿದೆ. ಅಡುಗೆಗೆ, ಲೆಕ್ಕಕ್ಕೆ, ದುಡಿಯಲಿಕ್ಕೆ ಬೇಕಾದವರು ಕುಂಕುಮ ಹಂಚುವಾಗ ಬೇಡವಾಗುವುದು ಕ್ರೂರತನ. ನಮ್ಮ ಸಂಘದ ಆಚರಣೆಯ ರೀತಿ ನೀತಿ ನಾವೇ ಮಾಡಿಕೊಂಡದ್ದು, ಶಾಸ್ತ್ರ ಅಡ್ಡ ಬರುವುದಿಲ್ಲ. ಎಲ್ಲ ಹೆಂಗಸರನ್ನೂ ಕರೆದು ಎಳ್ಳುಬೆಲ್ಲ ಕೊಡುವ ನಿರ್ಧಾರವನ್ನು ಯಾವ ಮಹಿಳಾ ವಿಭಾಗವೂ ಮುಂದಿನ ಸಭೆಯಲ್ಲೇ ಮಾಡಬಹುದು.

ಇಷ್ಟೆಲ್ಲ ಹೇಳುವಾಗ ನನ್ನನ್ನು ಕಾಡುವುದು ಇನ್ನೊಂದು. ಭಾನುವಾರದ ಪಂಚಾಂಗ ಯಾರದು? ಕಚೇರಿಗೆ ಹೋಗುವವರದು, ಸ್ವಂತ ವ್ಯವಹಾರದವರದು. ಹೋಟೆಲ್ ಕೆಲಸದವನಿಗೆ ಭಾನುವಾರ ಗಿರಾಕಿ ಜಾಸ್ತಿ ಇರುವ ದಿನ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದು ಬೆಳಗ್ಗೆ ನಾಕಾದಲ್ಲಿ (ಕೂಲಿಯವರು ಕಾಯುವ ರಸ್ತೆ ಕೂಡುವ ಜಾಗ) ನಿಂತು ಗಾರೆ ಕೆಲಸ ಹಿಡಿಯುವವರಿಗೆ ವಾರದ ರಜೆಯೇ ಇಲ್ಲ, ಕೆಲಸ ಸಿಗದ ದಿನವೇ ರಜೆ. ಅವರ ವರ್ಷದಲ್ಲಿ ಕಾರ ಹುಣ್ಣಿಮೆ ಇದೆ, ಪಂಚಮಿಗೆ ತವರಿಗೆ ಹೋಗುವುದಿದೆ, ಜೋಕಾಲಿ, ಉಂಡಿ ಇದೆ, ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡ ಇದೆ, ಹಿಂದೂ ಮುಸ್ಲಿಮರು ಕೂಡಿ ಅಲಾವಿಯ ಬೆಂಕಿ ಹೊತ್ತಿಸಿ ಕುಣಿಯುವ ಮೊಹರಂ ಇದೆ. ಕೂಲಿ ಬಿಟ್ಟು ರೈಲು ಹತ್ತಿ ತಿಥಿಗೆ ಸರಿಯಾಗಿ ಊರಿಗೆ ಹೋಗುವವರು ಅವರು. ಹಾಗೆ ನೋಡಿದರೆ ಈ ನಗರದಲ್ಲಿ ಪಂಚಾಂಗವನ್ನು ನಿಜವಾಗಿ ಪಾಲಿಸುತ್ತಿರುವ ಕನ್ನಡಿಗರು ಅವರೇ. ನಮ್ಮ ಸಂಘಗಳ ಆಮಂತ್ರಣ ಪತ್ರಿಕೆ ಅವರ ಕೈಗೆ ಹೋಗುವುದು ನಾನು ನೋಡಿಲ್ಲ.

ಹಾಗೆಯೇ ಸರಿಸಲು ಬಾರದ್ದೂ ಇದೆ. ಕೋಲ, ನೇಮ, ನಾಗನ ಕೆಲಸಗಳು ಆ ಮಣ್ಣಿಗೆ ಸೇರಿದವು. ಅದಕ್ಕೇ ಮೇ ತಿಂಗಳಲ್ಲಿ ಶಾಲೆಗೆ ರಜೆ ಸಿಕ್ಕ ಕೂಡಲೇ ಕುಟುಂಬವೇ ಊರಿಗೆ ಹೊರಡುತ್ತದೆ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದ ಮೇಲೆ ಇದು ಸುಲಭವಾಯಿತು. ದೈವವನ್ನು ವೇದಿಕೆಗೆ ತರಬಾರದು ಎನ್ನುವ ಹಿರಿಯರ ಮಾತಿಗೆ ನನ್ನದು ಪೂರ್ತಿ ಸಮ್ಮತಿ.

ಈಗ ರಾಜ್ಯೋತ್ಸವ. ಹಬ್ಬ ಮತ್ತು ಸರ್ಕಾರದ ನಂಟು ಈಚೆಗೆ ಬಿಗಿಯಾಗುತ್ತಿದೆ. 1893ರಲ್ಲಿ ತಿಲಕರ ಕಾಲದಲ್ಲಿ ಜನರ ನಡುವಿನಿಂದ ಬೆಳೆದ ಸಾರ್ವಜನಿಕ ಗಣೇಶೋತ್ಸವವನ್ನು ಮಹಾರಾಷ್ಟ್ರ ಸರ್ಕಾರ 2025ರ ಜುಲೈಯಲ್ಲಿ ರಾಜ್ಯದ ಉತ್ಸವ ಎಂದು ಘೋಷಿಸಿತು. ಅದೇ ವರ್ಷ ಮುಂಬಯಿಯಲ್ಲಿ ಯಾರು ಯಾವ ಭಾಷೆ ಮಾತಾಡಬೇಕು ಎಂಬ ಜಗಳವೂ ಕಾವೇರಿತು. ಇಂಥ ಹವೆಯಲ್ಲಿ ಕನ್ನಡದ ಬಾವುಟ ಹಿಡಿದು ಹೊರಗೆ ಬರಲು ನಮ್ಮವರು ಹಿಂಜರಿಯುತ್ತಾರೆ. ಅದರಲ್ಲೂ ನವೆಂಬರ್ 1 ಗಡಿ ವಿವಾದದ ನೆನಪು ಹೊತ್ತ ದಿನ, ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಎನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿ ಅಲ್ಲಿ ಅದನ್ನು ಕರಾಳ ದಿನ ಎಂದು ಆಚರಿಸುತ್ತದೆ, ಮಹಾರಾಷ್ಟ್ರ 2004ರಲ್ಲಿ ಹಾಕಿದ ದಾವೆ ಸುಪ್ರೀಂ ಕೋರ್ಟಿನಲ್ಲಿದೆ. ಹಿಂಜರಿಕೆ ಅರ್ಥವಾಗುತ್ತದೆ, ಆದರೆ ಅದಕ್ಕೆ ತಲೆಬಾಗುವುದು ಬೇಡ. ಮೇ 1ನ್ನು ಗೌರವದಿಂದ ಆಚರಿಸುವ, ಮರಾಠಿ ಚೆನ್ನಾಗಿ ಮಾತಾಡುವ ಕನ್ನಡಿಗ ನವೆಂಬರ್ 1ಕ್ಕೆ ಮನೆಯಲ್ಲಿ ಪಾಯಸ ಮಾಡಿ ಮರಾಠಿ ನೆರೆಯವರನ್ನು ಕರೆದರೆ ಯಾರೂ ತಪ್ಪು ತಿಳಿಯುವುದಿಲ್ಲ. ಪಂಢರಪುರದ ವಿಠ್ಠಲನನ್ನು ಕನ್ನಡಿಗ ಎಂದು ಕರೆದವರು ಸ್ವತಃ ಜ್ಞಾನೇಶ್ವರರು. ಅದೇ ವಿಠ್ಠಲನ ಹೆಸರನ್ನು ಪುರಂದರದಾಸರು ತಮ್ಮ ಅಂಕಿತವಾಗಿ ಇಟ್ಟುಕೊಂಡರು. ಈ ನಂಟು ಗಡಿಯ ಗಲಾಟೆಗಿಂತ ಬಹಳ ಹಳೆಯದು.

2026ರಲ್ಲಿ ನವೆಂಬರ್ 1 ಭಾನುವಾರವೇ ಬಂದಿದೆ. ಲಕ್ಷ್ಮೀಪೂಜೆ ಅದರ ಮುಂದಿನ ಭಾನುವಾರ, 8ಕ್ಕೆ. ಅಂದರೆ ರಾಜ್ಯೋತ್ಸವವನ್ನು ಅದರದೇ ದಿನ ಮಾಡಬಹುದು, ದೀಪಾವಳಿಯ ಅಡ್ಡಿಯೂ ಇಲ್ಲ. ಪ್ರತಿ ಸಂಘವೂ ಅದೇ ದಿನಕ್ಕೆ ಬೇರೆ ಬೇರೆ ಹಾಲ್ ಹಿಡಿದು, ಅದೇ ಗಣ್ಯರನ್ನು ಹಂಚಿಕೊಂಡು ಓಡಾಡುವ ಬದಲು ಪಶ್ಚಿಮ, ಮಧ್ಯ, ಹಾರ್ಬರ್ ಎಂದು ಒಂದೊಂದು ರೈಲು ಮಾರ್ಗಕ್ಕೆ ಒಂದು ಕೂಟ ಮಾಡಬಹುದು. ಮೈಸೂರಿನ ಎಳ್ಳುಬೆಲ್ಲದವರು, ಧಾರವಾಡದ ಉಂಡಿಯವರು, ತುಳುನಾಡಿನ ಪತ್ರೊಡೆಯವರು ಒಂದೇ ಕಡೆ ಸೇರಲಿ. ನಾಕಾದ ಕೆಲಸಗಾರರ ವಸತಿಗೆ ಹೋಗಿ ಕರೆಯೋಣ, ಸಂಜೆ ಆರರ ಮೇಲೆ ಇಟ್ಟರೆ ಕೆಲಸ ಬಿಟ್ಟು ಬರಬಹುದು. ಸನ್ಮಾನ ಒಂದೋ ಎರಡೋ ಸಾಕು. ಹಾಡುವುದು, ಓದುವುದು, ಅಡುಗೆ ಬಡಿಸುವುದು, ಊರಿನ ಹಬ್ಬದ ಕಥೆ ಕೇಳಿ ಬರೆದುಕೊಳ್ಳುವುದು ಮಕ್ಕಳ ಪಾಲಿಗೆ ಬರಲಿ, ಕನ್ನಡ ಓದಲು ಬಾರದ ಮಕ್ಕಳೂ ಕೇಳಿ ಹೇಳಬಲ್ಲರು. ಇದಕ್ಕೆ ಸಂಘಗಳ ಪದಾಧಿಕಾರಿಗಳು ಗಣೇಶ ಹಬ್ಬಕ್ಕೆ ಮೊದಲೇ ಒಮ್ಮೆ ಕೂತು ಮಾತಾಡಬೇಕು, ದಸರೆ ಕಳೆದ ಮೇಲೆ ಕೂತರೆ ಹಾಲ್ ಸಿಗುವುದಿಲ್ಲ. ಭಾನುವಾರದ ಮೆಗಾಬ್ಲಾಕ್ (ದುರಸ್ತಿಗಾಗಿ ಲೋಕಲ್ ರೈಲು ನಿಲ್ಲಿಸುವುದು) ಯಾವ ಮಾರ್ಗದಲ್ಲಿದೆ ಎಂದು ನೋಡಿಕೊಂಡು ಸಮಯ ಇಡಿ.